ಒಸರು

ಮೂವತ್ತೊಂದನೆಯ ಫೈಲು. ಎಪ್ಪತ್ತೆರಡು ನಿಮಿಷ.
ನಾನು ಆಕೆಯನ್ನು ಕಂಡವಳಲ್ಲ.
ಚಾಮರಾಜಪೇಟೆಯ ಮಹಡಿ ಕೋಣೆಯಲ್ಲಿ ಕೂತು
ಕಿವಿಗೆ ಬಿದ್ದದ್ದನ್ನು ಟೈಪು ಮಾಡುವವಳು,
ನಿಮಿಷಕ್ಕಿಷ್ಟು ಎಂದು ಕೂಲಿ.

ಮೊದಲು ಶಕೀಲಾಳ ದನಿ: ತಾರೀಖು, ವಾರ,
ಪಿಳ್ಳಮುನಿಯಮ್ಮ, ನೀರುಗಂಟಿ ಚೌಡಪ್ಪನ ಮಗಳು,
ವಯಸ್ಸು...
ಮುದುಕಿ ನಗುತ್ತಾಳೆ.
‘ಕೆರೆ ಕೋಡಿ ಬಿದ್ದ ವರ್ಸ ಹುಟ್ದೋಳು, ಬರ್ಕೊ.’
ಯಾವ ಸಲದ ಕೋಡಿ ಎಂದು ಶಕೀಲಾ ಕೇಳುವುದಿಲ್ಲ.
ನಾನೂ ಹಾಗೇ ಬರೆದುಕೊಂಡೆ.

ಕುಕ್ಕರು ಕೂಗುತ್ತದೆ. ಗಲ್ಲಿಯಲ್ಲಿ ನೀರಿನ ಟ್ಯಾಂಕರು
ಹಿಂದೆ ಹಿಂದೆ ಬರುವಾಗಿನ ಪೀಂ ಪೀಂ.
ಅದರ ಅಡಿಯಲ್ಲೆಲ್ಲೋ ಆಕೆ
ತೂಬಿನ ಲೆಕ್ಕ ಒಪ್ಪಿಸುತ್ತಿದ್ದಾಳೆ:
ಕಲ್ಲಿಗೆ ಮೂರು ಕಣ್ಣು. ಮೇಲಿನದು ಒಟ್ಲುಪಾತಿಗೆ,
ನಡುವಿನದು ನಾಟಿಗೆ,
‘ಕೊನೇ ಕಣ್ಣು ಮುಟ್ಬಾರ್ದು, ಅದು ದನಗೋಳ್ದು, ಮೀನಿಂದು.’
ನಾಲ್ಕು ಸಲ ಹಿಂದಕ್ಕೆ ಓಡಿಸಿ ಕೇಳಿದೆ.
‘ದನಗಳದು’ ಎಂದು ಟೈಪಿಸಿ
ಅಳಿಸಿ
‘ದನಗೋಳ್ದು’ ಎಂದೆ.
ಕಂಪ್ಯೂಟರು ಅದರಡಿ ಕೆಂಪು ಗೆರೆ ಎಳೆಯಿತು.

ನೀರು ಬಿಟ್ಟರೆ ಬಾಲದ ಗದ್ದೆಗೆ ಮೊದಲು,
ತೂಬಿನ ಮುಂದಿನ ಗೌಡರದಕ್ಕೆ ಕೊನೆಗೆ.
ಗೌಡ್ರು ಬಯ್ತಿರ್ಲಿಲ್ವಾ?
‘ಬೈಕೊಳ್ಳಿ. ಕೆರೆ ನೀರು ನಮ್ಮಪ್ಪನ ಕೈಲಿತ್ತು.
ಅವರ ಬಾವಿ ಹಗ್ಗ ಮಾತ್ರ ಮುಟ್ಟಂಗಿರ್ಲಿಲ್ಲ.’

‘ಮೌನ, ಹನ್ನೊಂದು ಸೆಕೆಂಡು’
ಎಂದು ಹಾಕಬೇಕು ಇಲ್ಲಿ, ನಿಯಮದ ಪ್ರಕಾರ.
ಹಾಕಿದೆ.
ನಿಜಕ್ಕೂ ಮೌನವಲ್ಲ, ಎಲೆಅಡಿಕೆ ಜಗಿಯುವ ಸದ್ದಿದೆ.

ಗಂಡುಮಕ್ಕಳಿಲ್ಲದ ಚೌಡಪ್ಪ
ಜಡಿಮಳೆಯ ರಾತ್ರಿ ಇವಳನ್ನೇ ಎಬ್ಬಿಸಿ
ಏರಿಯ ಮೇಲೆ ಬರಿಗಾಲಲ್ಲಿ ನಡೆಸುತ್ತಿದ್ದ.
ಲಾಟೀನು ಬೇಡ, ಬೆಳಕಿದ್ದರೆ ಕಾಲು ಕುರುಡು.
ಏಡಿ ತೋಡಿದ್ದು, ಇಲಿ ತೋಡಿದ್ದು, ಆಮೇಲೆ ಒಸರು.
ಹೆಬ್ಬೆರಳಿಗೆ ತಣ್ಣಗೆ ಹತ್ತಿದರೆ ಮಳೆಯದು,
ಉಗುರುಬೆಚ್ಚಗಿದ್ದರೆ ಕೆರೆಯೇ
ಒಳಗಿಂದ ದಾರಿ ಹುಡುಕುತ್ತಿದೆ ಅಂತ,
ಊರೆಲ್ಲ ಎಬ್ಬಿಸು ಅಂತ.

‘ಅದು ಹೆಂಗೆ ಗೊತ್ತಾಗ್ತದಜ್ಜಿ, ಅಷ್ಟು ಸಣ್ಣದು?’
‘ಚಪ್ಲಿ ಬಿಡು, ತೋರಿಸ್ತೀನಿ.’

ಕುರ್ಚಿ ಸರಿದ ಸದ್ದು. ಬಾಗಿಲು.

ಆಮೇಲೆ ಇಪ್ಪತ್ತು ನಿಮಿಷ
ಮರೆತು ಹೋದ ಮೆಷಿನ್ನು ಖಾಲಿ ಮನೆಯನ್ನು ಕೇಳಿಸಿಕೊಂಡಿದೆ.
ಫ್ಯಾನು. ಪಕ್ಕದ ಮನೆಯ ಟೀವಿಯಲ್ಲಿ ಚಿನ್ನದ ಜಾಹೀರಾತು.
ಒಂದು ಕಾಗೆ, ಬಹಳ ಹತ್ತಿರ.
ಯಾರೋ ಬಂದು ‘ಅಮ್ಮಾ’ ಎಂದು ಕರೆದು
ಹೋದರು.
ಓಡಿಸಿಬಿಡಬಹುದಿತ್ತು, ಖಾಲಿಗೆ ಕೂಲಿಯಿಲ್ಲ.
ಪೂರ್ತಿ ಕೇಳಿದೆ.

ಎಲ್ಲಿಗೆ ಹೋದರು? ಏರಿ ಎಲ್ಲಿದೆ ಈಗ?
ಕೆರೆಯ ಹೆಸರು ಹೇಳಿದರೆ ಕಂಡಕ್ಟರು ಟಿಕೆಟ್ ಹರಿಯುತ್ತಾನೆ,
ಇಳಿದರೆ ಸ್ಟಾಪಿದೆ, ಬೇಕರಿಯಿದೆ,
ಹದಿನಾಲ್ಕು ಮಹಡಿಯ ಎರಡು ಕಟ್ಟಡ.

ಬಾಗಿಲು. ಏದುಸಿರು, ಇಬ್ಬರದೂ.
‘ಬೇಸ್‌ಮೆಂಟಲ್ಲಿ, ಆ ಕಾರುಗಳ ಮಧ್ಯೆ,’ ಶಕೀಲಾ ಅನ್ನುತ್ತಾಳೆ,
‘ವಾಚ್‌ಮನ್ ನಮ್ಮನ್ನ ಹುಚ್ಚರು ಅಂದ್ಕೊಂಡ.’
‘ತಣ್ಣಗಿತ್ತಾ?’
‘ಇಲ್ಲಜ್ಜಿ.’
‘ಹೂಂ. ದಿನಾ ಪಂಪ್ ಇಟ್ಟು ಮೋರಿಗೆ ಬಿಡ್ತಾರೆ. ಬಿಡ್ಲಿ.’
ಲೋಟಕ್ಕೆ ನೀರು ಸುರಿದ ಸದ್ದು.
ಕುಡಿಯುತ್ತಾರೆ. ಯಾರು ಮೊದಲು, ತಿಳಿಯುವುದಿಲ್ಲ.

ಹೆಡ್‌ಫೋನು ತೆಗೆದಿಟ್ಟು ಚಪ್ಪಲಿ ಬಿಟ್ಟೆ.
ಮೊಸಾಯಿಕ್ ನೆಲ. ಕಿಟಕಿಯ ಕಡೆ ಹೆಬ್ಬೆರಳಿಟ್ಟೆ,
ಬಚ್ಚಲ ಕಡೆ ಇಟ್ಟೆ.
ಎರಡೂ ಒಂದೇ ಥರ ತಣ್ಣಗೆ.
ನನ್ನ ಕಾಲಿಗೆ ಏನೂ ಬಾರದು.

ಇಪ್ಪತ್ತು ನಿಮಿಷದ ಜಾಗದಲ್ಲಿ ‘ಖಾಲಿ’ ಎಂದು ಬರೆಯಬೇಕು.
‘ಇಬ್ಬರೂ ಏರಿಯ ಮೇಲಿದ್ದಾರೆ’ ಎಂದು ಬರೆದು
ಬಿಲ್ಲಿಗೆ ಐವತ್ತೆರಡು ನಿಮಿಷ ಹಾಕಿದೆ.

ಮೂವತ್ತೆರಡನೆಯದು ಕೆಮ್ಮಿನಿಂದ ಶುರುವಾಗುತ್ತದೆ.